ಗಣಕಯಂತ್ರದ ಉಗ್ರಾಣ

ಗಣಕಯಂತ್ರವನ್ನಿತ್ತ ಮಾತ್ರಕ್ಕೆ ದಾನವು ಪೂರ್ಣವಾಯಿತೆಂದು ಭಾವಿಸುವುದು ರೂಢಿ. ಆದರೆ ಕೊಪ್ಪರಿಗೆ ಬಂದ ಮಾತ್ರಕ್ಕೆ ದಾಸೋಹ ನಡೆಯದಷ್ಟೆ. ಯಂತ್ರದೊಳಗಿನ ತಂತ್ರಾಂಶವು ಮೇಲಿಂದ ಮೇಲೆ ತನ್ನ ಬಿರುಕುಗಳನ್ನು ಮುಚ್ಚಿಕೊಳ್ಳುತ್ತಿರಬೇಕು. ಇದಕ್ಕೆ ‘ನವೀಕರಣ’ವೆಂದು ಹೆಸರು; ‘ಜೀರ್ಣೋದ್ಧಾರ’ವೆಂದಿದ್ದರೆ ಹೆಚ್ಚು ಒಪ್ಪುತ್ತಿತ್ತೆಂದು ನನ್ನ ಮತ. ಈ ಕಾರ್ಯಕ್ಕೆಂದೇ ವಿಂಡೋಸ್ 10, 2019ರಿಂದ ಹೊಸ ಯಂತ್ರಗಳಲ್ಲಿ ಸುಮಾರು 7 ಜಿ.ಬಿ. ಸ್ಥಳವನ್ನು ಮೀಸಲಿಡತೊಡಗಿತು. ವಿಂಡೋಸ್ 11 ಕೇಳುವ ಕನಿಷ್ಠ ಉಗ್ರಾಣವೇ 64 ಜಿ.ಬಿ.

ಬಿಳಿಕೆರೆಯಂತಹ ಊರಿನ ಶಾಲೆಯಲ್ಲಿ ಯಂತ್ರಗಳನ್ನು ಹೊತ್ತಿಸುವುದೇ ಪಾಠದ ವೇಳೆಯಲ್ಲಿ. ಆದುದರಿಂದ ನವೀಕರಣವೂ ಆಗಲೇ ಮೊದಲಾಗುತ್ತದೆ. ಒಂದೇ ಸಂಪರ್ಕದಲ್ಲಿ ಹತ್ತು ಯಂತ್ರಗಳು ತಲಾ 1 ಜಿ.ಬಿ. ಇಳಿಸಿಕೊಂಡರೆ 10 ಜಿ.ಬಿ. ಹೊರೆಯಾಯಿತು. ಮಕ್ಕಳು ಬರಿಯ ಪರದೆಯನ್ನು ನೋಡುತ್ತ ಕೂಡಬೇಕು. ಬೇಸತ್ತು ನವೀಕರಣವನ್ನೇ ನಿಲ್ಲಿಸಿರೆನ್ನುವವರುಂಟು. ಅದು ಸಲ್ಲದು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪೀಡೆ ಲೋಕದ ಗಣಕಗಳನ್ನು ಮುತ್ತಿತು. ಅದರ ತಡೆಯು ಮಾರ್ಚಿಯಲ್ಲಿಯೇ ಹೊರಬಂದಿತ್ತು. ಅದನ್ನು ಅಳವಡಿಸಿಕೊಳ್ಳದವರೇ ಬಹುಮಟ್ಟಿಗೆ ಕಷ್ಟಕ್ಕೊಳಗಾದರು.

ಒಂದು ಯಂತ್ರವು ತಂದುದನ್ನು ಉಳಿದವು ಶಾಲೆಯೊಳಗಿನ ಜಾಲದಲ್ಲಿಯೇ ಹಂಚಿಕೊಳ್ಳುವ ಏರ್ಪಾಡು ವಿಂಡೋಸಿನಲ್ಲಿಯೇ ಇದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಬ್ಬ ಉಪಾಧ್ಯಾಯರು ಇದನ್ನು ನಡೆಸಿದರೆ ವಾರದ ಪಾಠಗಳು ಉಳಿದಾವು. ಆ ಉಪಾಧ್ಯಾಯರ ವೇಳೆಗೂ ಬೆಲೆಯುಂಟೆಂಬುದನ್ನು ಆಡಳಿತ ಮಂಡಲಿ ಮರೆಯಬಾರದು.

ಯಂತ್ರದ ಮೇಲೆ ದಾನಿಯ ಹೆಸರು ಬರೆಸಬಹುದು, ಅಂತರಜಾಲದ ಶುಲ್ಕದ ಮೇಲೆ ಬರೆಸಲಾಗದು. ಹಾಗಿದ್ದರೂ ಮುಂದೆ ಯಂತ್ರವನ್ನು ಕೊಡುವ ಮಹನೀಯರು ಅದರ ಉಗ್ರಾಣದ ಅಳತೆಯನ್ನು ವಿಚಾರಿಸಿ, ಐದು ವರ್ಷಗಳ ಸಂಪರ್ಕದ ವೆಚ್ಚವನ್ನೂ ದತ್ತಿಯಲ್ಲಿ ಸೇರಿಸಿ ಕೊಡಬೇಕೆಂದು ನನ್ನ ವಿನಂತಿ.