ಗರಸಿನ ಹಾದಿ ಯಾರ ಸುಖಕ್ಕೆ?

ಸೈಕಲ್ಲು ಬಡವನ ವಾಹನವೆಂದು ನಾವು ಇಷ್ಟು ಕಾಲ ತಿಳಿದಿದ್ದೆವು. ಆ ತಿಳುವಳಿಕೆಯನ್ನು ಕೊಂಚ ತಿದ್ದಿಕೊಳ್ಳಬೇಕಾಗಿದೆ. ಈಗ ಲಕ್ಷ ರೂಪಾಯಿಗೂ ಮೀರಿದ ಸೈಕಲ್ಲುಗಳು ಬಂದಿವೆ. ಅವನ್ನು ಕೊಂಡವರು ಡಾಂಬರು ರಸ್ತೆಯನ್ನು ಬಿಟ್ಟು ಗರಸಿನ ಹಾದಿ, ಕಡಿಯ ಹಾದಿ, ಹೊಲದ ಬದುವಿನ ಹಾದಿಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಈ ಸವಾರಿಗೆ ಗ್ರಾವೆಲ್ ಬೈಕಿಂಗ್ ಎಂದು ಹೆಸರು. ಅಮೆರಿಕ, ಯುರೋಪುಗಳಲ್ಲಿ ಹಬ್ಬಿದ ಹವ್ಯಾಸ ನಮ್ಮ ದೇಶದ ದೊಡ್ಡ ಪಟ್ಟಣಗಳಿಗೂ ಬಂದಿದೆ. ಹೊಳೆಯ ದಂಡೆ, ಹಳೆಯ ಗುಡಿ, ಹಾಳುಕೋಟೆ ಇರುವ ಕಡೆ ಹಾದಿ ಗುರುತಿಸಿ, ನಕ್ಷೆ ಬರೆದು, ಪ್ರವಾಸಿಗಳನ್ನು ಕರೆಯುವುದು ಇದರ ಬೆನ್ನಿಗೆ ಹುಟ್ಟಿದ ವ್ಯಾಪಾರ.

ಇಂಥ ಸವಾರಿಗೆ ತುಂಗಭದ್ರೆಯ ಬಲದಂಡೆಗಿಂತ ಒಳ್ಳೆಯ ಸ್ಥಳ ಸುಲಭವಾಗಿ ಸಿಕ್ಕದು. ಕುರುವತ್ತಿಯಲ್ಲಿ ಮಲ್ಲಿಕಾರ್ಜುನನ ಗುಡಿಯಿದೆ. ಅದರ ಮದನಿಕೆಯರ ಶಿಲ್ಪ ಲೋಕಪ್ರಸಿದ್ಧ. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಕೂಡಿ, ಬಿಲ್ಲನ್ನೇರಿದ ಗೊರವಯ್ಯನ ಕಾರ್ಣಿಕಕ್ಕೆ ಕಿವಿಗೊಡುತ್ತಾರೆ. ಹಿರೇಹಡಗಲಿಯಲ್ಲಿ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ದೊರೆತವು. ಮಾಗಳದಲ್ಲಿ ಚಾಲುಕ್ಯರ ಕಾಲದ ವೇಣುಗೋಪಾಲಸ್ವಾಮಿ ಗುಡಿ ನಿಂತಿದೆ. ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಅಲೆಕ್ಸಾಂಡರ್ ರೀ ಎಂಬ ಅಧಿಕಾರಿ ಬರೆದ ಗ್ರಂಥ 1896ರಲ್ಲಿ ಹೊರಬಂತು. ಈ ಸೀಮೆಯ ಗುಡಿಗಳ ಕಂಬ, ಬೋದಿಗೆ, ಬಾಗಿಲವಾಡಗಳ ನಕ್ಷೆಗಳು ಅದರಲ್ಲಿವೆ. ಗುಡಿಯ ಮುಂದಿನ ಕೆಸರು ದಾರಿಯನ್ನು ಅಳೆಯುವುದು ಆ ದೊರೆಯ ಕೆಲಸವಾಗಿರಲಿಲ್ಲ. ನಮ್ಮ ದೊರೆಗಳ ಕೆಲಸವಾಗಿದೆ.

ಆದುದರಿಂದ ಇಂದಲ್ಲ ನಾಳೆ ಈ ಸವಾರರು ಮಾಗಳದ ಹಾದಿಗೂ ಬರುತ್ತಾರೆ. ಬರುವವರನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಅವರು ಬರುವ ಮೊದಲೇ ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳೋಣ. ಈ ಹಾದಿಯನ್ನು ಯಾರಿಗಾಗಿ ಮಾಡುತ್ತೀರಿ?

ಗರಸಿನ ಸವಾರಿ ನಮ್ಮ ಸೀಮೆಗೆ ಹೊಸದೇನಲ್ಲ. ಇವರ ಹೊಸ ಸೈಕಲ್ಲಿನ ಟೈರು ಸುಮಾರು 40 ಮಿಲಿಮೀಟರು ಅಗಲ. ಗರಸಿನ ಮೇಲೆ ಹಿಡಿತ ಸಿಗಲೆಂದು ಇಂಥ ಅಗಲ ಟೈರು ಎಂದು ಅಂಗಡಿಯವರು ವಿವರಿಸುತ್ತಾರೆ. ನಮ್ಮ ಹಾಲಿನವನ 28 ಅಂಗುಲದ ಕರಿ ಸೈಕಲ್ಲಿನ ಟೈರು ಒಂದೂವರೆ ಅಂಗುಲ. ಲೆಕ್ಕ ಹಾಕಿ ನೋಡಿರಿ, ಎರಡೂ ಹೆಚ್ಚುಕಡಿಮೆ ಒಂದೇ! ಎರಡು ಕ್ಯಾನು ಹಾಲು ಕಟ್ಟಿಕೊಂಡು, ಹಿಂದೆ ಮಗನನ್ನು ಕೂರಿಸಿಕೊಂಡು, ಇದೇ ಗರಸಿನ ಮೇಲೆ ನಮ್ಮ ಜನ ತಲೆಮಾರುಗಳಿಂದ ಸವಾರಿ ಮಾಡುತ್ತಿದ್ದಾರೆ. ಅದಕ್ಕೆ ಯಾರೂ ಇಂಗ್ಲಿಷಿನಲ್ಲಿ ಹೆಸರಿಡಲಿಲ್ಲ. ಅವರ ಹಾದಿಗೆ ಯಾರೂ ನಕ್ಷೆ ಬರೆಯಲಿಲ್ಲ. ಗಿರಣಿಯ ಸೈರನ್ನು ಕೂಗುವ ಮೊದಲು ಗೇಟಿನ ಬಳಿ ಸೈಕಲ್ಲು ನಿಲ್ಲಿಸಿದ ಕಾರ್ಮಿಕನನ್ನು ಸಾಹಸಿಯೆಂದು ಯಾರೂ ಹೊಗಳಲಿಲ್ಲ. ಐದು ನಿಮಿಷ ತಡವಾದರೆ ಕೂಲಿ ಮಾತ್ರ ಮುರಿದರು.

ಮುಖ್ಯ ರಸ್ತೆಗಳಿಗೆ ಡಾಂಬರು ಬಿದ್ದಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ನಾವು ಹೇಳುವುದು ಒಳದಾರಿಗಳ ಮಾತು. ಹೊಲಕ್ಕೆ, ತೋಟಕ್ಕೆ, ಹೊಳೆಗೆ, ಹಳ್ಳಿಯಿಂದ ಪಕ್ಕದ ಹಳ್ಳಿಗೆ ಹೋಗುವ ದಾರಿಗಳು. ಬೇಸಿಗೆಯಲ್ಲಿ ಅವು ಧೂಳು. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಸೈಕಲ್ಲು ಸವಾರನ ಹೆಗಲೇರುತ್ತದೆ. ಹಡಗಲಿಯ ಮಲ್ಲಿಗೆ ಬೆಳೆಗಾರರನ್ನು ಕೇಳಿರಿ. ಮೊಗ್ಗು ಅರಳುವುದರೊಳಗೆ ಪೇಟೆ ಸೇರಬೇಕು. ದಾರಿಯಲ್ಲಿ ಅರಳಿದ ಹೂವಿಗೆ ಮೊಗ್ಗಿನ ಬೆಲೆ ಇಲ್ಲ. ಬಿಡಿಸಿದವಳ ಕೂಲಿ, ಬೆಳೆದವನ ಲಾಭ, ಕೊಂಡು ಮಾರುವ ಚಿಕ್ಕ ವ್ಯಾಪಾರಿಯ ಅಂದಿನ ಗಂಜಿ, ಮೂರೂ ಆ ಕೆಸರಿನಲ್ಲಿ ಹೂತುಹೋಗುತ್ತವೆ. ಪ್ರವಾಸಿಯ ಕಣ್ಣಿಗೆ ಚೆಂದ ಕಾಣುವ ಹಾದಿ ಇದೇ.

ಇಲ್ಲಿ ಚರಿತ್ರೆಯ ಒಂದು ವಿನೋದವನ್ನು ಓದುಗರ ಮುಂದಿಡುತ್ತೇವೆ. ಅಮೆರಿಕದಲ್ಲಿ ಸೈಕಲ್ ಸವಾರರ ಸಂಘವೊಂದು 1880ರಲ್ಲಿ ಹುಟ್ಟಿತು. ಮೋಟಾರು ಇನ್ನೂ ರಸ್ತೆಗಿಳಿಯದ ಕಾಲ ಅದು. ಆ ಸಂಘದವರು ದೇಶವಿಡೀ ಚಳವಳಿ ಹೂಡಿದ್ದು ಯಾತಕ್ಕೆ? ಕೆಸರು ಹಾದಿಗಳನ್ನು ಗಟ್ಟಿ ರಸ್ತೆಗಳಾಗಿ ಮಾಡಿರೆಂದು! ರಸ್ತೆಗಳಾದವು. ನೂರು ವರ್ಷ ಕಳೆಯಿತು. 1997ರಲ್ಲಿ ಇಟಲಿಯ ಟಸ್ಕನಿಯಲ್ಲಿ ಎರೋಯ್ಕಾ ಎಂಬ ಸೈಕಲ್ ಸವಾರಿ ಆರಂಭವಾಯಿತು. ಅಲ್ಲಿಯ ಬಿಳಿ ಗರಸಿನ ಹಾದಿಗಳಿಗೆ ಡಾಂಬರು ಬೀಳದಂತೆ ಕಾಪಾಡುವುದು ಅದರ ಉದ್ದೇಶಗಳಲ್ಲಿ ಒಂದು. ಇದನ್ನು ನಾವು ಹಾಸ್ಯ ಮಾಡುವುದಿಲ್ಲ. ಆಸ್ಪತ್ರೆಗೂ ಪೇಟೆಗೂ ಒಳ್ಳೆಯ ರಸ್ತೆಯನ್ನು ಮೊದಲು ಪಡೆದುಕೊಂಡ ಜನ, ಉಳಿದ ನಾಲ್ಕು ಹಳೆಯ ಹಾದಿಗಳನ್ನು ಪ್ರೀತಿಯಿಂದ ಇಟ್ಟುಕೊಂಡರೆ ತಪ್ಪೇನು? ಆದರೆ ಬೇರೆ ದಾರಿಯೇ ಇಲ್ಲದ ಹಳ್ಳಿಗೆ ಬಂದು, ನಿಮ್ಮ ಹಾದಿ ಹೀಗೆಯೇ ಇರಲಿ, ಇದೇ ಅದರ ಸೊಗಸು ಎನ್ನುವುದು ಹಸಿದವನಿಗೆ ಉಪವಾಸದ ಮಹಿಮೆ ಬೋಧಿಸಿದಂತೆ.

ಪ್ರವಾಸದ ಹೆಸರಿನಲ್ಲಿ ಏನಾಗಬಹುದೆಂಬುದನ್ನು ಹೊಳೆಯ ಕೆಳಗಿನ ಹಂಪೆಯಲ್ಲಿ ಕಂಡಿದ್ದೇವೆ. 1986ರಲ್ಲಿ ಹಂಪೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವಿರೂಪಾಕ್ಷನ ಗುಡಿಯೆದುರಿನ ಬೀದಿಯ ಸಾಲುಮಂಟಪಗಳಲ್ಲಿ ಸಂಸಾರ ಹೂಡಿ, ಚಹಾ, ಬಾಳೆಹಣ್ಣು ಮಾರಿ, ಬಂದವರಿಗೆ ಊಟ, ವಸತಿ ಒದಗಿಸಿ ಬದುಕುತ್ತಿದ್ದವರನ್ನು 2011ರ ಜುಲೈಯಲ್ಲಿ ಜೆಸಿಬಿ ತಂದು ತೆರವುಗೊಳಿಸಿದರು. ಸ್ಮಾರಕ ಉಳಿಯಬೇಕು, ಒಪ್ಪುತ್ತೇವೆ. ಕಲ್ಲಿಗೆ ಮೊಳೆ ಹೊಡೆಯುವುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಸ್ಮಾರಕದ ನೆರಳಿನಲ್ಲಿ ಬದುಕಿದವನನ್ನು ಮೊದಲು ಎಬ್ಬಿಸಿ, ಆಮೇಲೆ ಅವನ ಪುನರ್ವಸತಿಯ ಮಾತಾಡುವುದು ಯಾವ ನ್ಯಾಯ? ಮಾಗಳದ ಗುಡಿಯ ಬಳಿಯ ಚಹಾದಂಗಡಿಗೂ ನಾಳೆ ಇದೇ ನೋಟೀಸು ಬರಬಾರದು.

ಈ ದಂಡೆಯ ಜನ ನಾಡಿಗಾಗಿ ಕೊಡಬೇಕಾದುದನ್ನು ಕೊಟ್ಟಾಗಿದೆ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಊರೂರುಗಳೇ ಮುಳುಗಿದವು. ನೀರು ಹರಿದ ಕೆಳಗಿನ ಸೀಮೆಯಲ್ಲಿ ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಎದ್ದವು. ಅದೇ 1953ರಲ್ಲಿ ಈ ತಾಲ್ಲೂಕುಗಳು ಮದ್ರಾಸಿನಿಂದ ಮೈಸೂರಿಗೆ ಬಂದವು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಸಂವಿಧಾನದ 371(ಜೆ) ವಿಧಿಯ ಆಶ್ರಯವೂ ಇದೆ. ಬೋರ್ಡುಗಳ ಮೇಲಿನ ಹೆಸರು ಇಷ್ಟು ಸಲ ಬದಲಾದ ಮೇಲೂ ಒಳದಾರಿಯ ಕೆಸರು ತೆಗೆಯಲು ಪ್ರವಾಸಿ ಬರಬೇಕೆಂದು ಕಾಯುತ್ತೀರಾ?

ಸವಾರರೊಡನೆ ನಮಗೆ ಜಗಳವಿಲ್ಲ. ಸೈಕಲ್ಲಿನ ಪ್ರವಾಸಿ ಹೊಗೆ ಬಿಡುವುದಿಲ್ಲ, ಹಾರನ್ನು ಬಾರಿಸುವುದಿಲ್ಲ. ಕಾರಿನವನು ಗಾಜು ಏರಿಸಿಕೊಂಡು ಊರು ದಾಟಿಬಿಡುತ್ತಾನೆ. ಸೈಕಲ್ಲಿನವನಿಗೆ ಹಸಿವೆ, ಬಾಯಾರಿಕೆ ಆಗುತ್ತದೆ. ಅವನು ಮಂಡಕ್ಕಿ ಮಿರ್ಚಿ ತಿನ್ನುತ್ತಾನೆ, ಪಂಕ್ಚರು ಹಾಕಿಸುತ್ತಾನೆ. ಚಿಕ್ಕ ವ್ಯಾಪಾರಿಗೆ ಅವನು ಒಳ್ಳೆಯ ಗಿರಾಕಿ. ಸೈಕಲ್ಲಿಗೂ ಸಮಾಜವಾದಕ್ಕೂ ಹಳೆಯ ನಂಟೂ ಉಂಟು. 1894ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಕ್ಲಾರಿಯನ್ ಸೈಕಲ್ ಸಂಘದವರು ರಜಾದಿನ ಹಳ್ಳಿಗಾಡು ಸುತ್ತಿ ಸಮಾಜವಾದಿ ಪತ್ರಿಕೆ ಹಂಚುತ್ತಿದ್ದರು. ಜರ್ಮನಿಯ ಕಾರ್ಮಿಕ ಸೈಕಲ್ ಸವಾರರ ಸಂಘ 1896ರಲ್ಲಿ ಆರಂಭವಾಗಿ, ಲಕ್ಷಗಟ್ಟಲೆ ಸದಸ್ಯರಿಗೆ ಬೆಳೆಯಿತು. 1933ರಲ್ಲಿ ನಾಜಿಗಳು ಅದನ್ನು ನಿಷೇಧಿಸಿದರು. ಗಿರಣಿ ಕಾರ್ಮಿಕನಿಗೂ ವಿಹಾರ ಬೇಕು. ಭಾನುವಾರ ಹೆಂಡತಿ ಮಕ್ಕಳೊಡನೆ ಕುರುವತ್ತಿಯ ಮದನಿಕೆಯರನ್ನು ನೋಡುವ ಹಕ್ಕು ಅವನದೂ ಹೌದು.

ಹಾಗಾದರೆ ನಮ್ಮ ಬೇಡಿಕೆಗಳೇನು? ಒಳದಾರಿಗಳನ್ನು ಮೊದಲು ದಿನನಿತ್ಯದ ಸವಾರನಿಗೆ ತಕ್ಕಂತೆ ಮಾಡಿರಿ. ಎಲ್ಲದಕ್ಕೂ ಡಾಂಬರು ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ನಡುವೆ ಉಬ್ಬು ಕೊಟ್ಟು, ಎರಡೂ ಬದಿಗೆ ಚರಂಡಿ ತೆಗೆದು, ಒಳ್ಳೆಯ ಗರಸು ಹಾಸಿ ಗಟ್ಟಿಸಿ, ಹಳ್ಳಕ್ಕೆ ಮೋರಿ ಕಟ್ಟಿದರೆ ಗರಸಿನ ರಸ್ತೆಯೂ ಮಳೆಗಾಲ ತಡೆಯುತ್ತದೆ. ಆ ಕೆಲಸವನ್ನು ಊರಿನ ಕೂಲಿಗಳಿಗೇ ಕೊಡಿರಿ. ಮರಳು ತುಂಬಿದ ಲಾರಿಗಳನ್ನು ಆ ಹಾದಿಗೆ ಬಿಡಬೇಡಿರಿ. ಹತ್ತು ಸಾವಿರ ಸೈಕಲ್ಲು ಕೆಡಿಸದ ದಾರಿಯನ್ನು ಹತ್ತು ಲಾರಿ ಒಂದು ರಾತ್ರಿಯಲ್ಲಿ ಕೆಡಿಸುತ್ತವೆ. ಪ್ರವಾಸಿ ಹಾದಿ ಎಲ್ಲಿ ಹೋಗಬೇಕು, ಅಂಗಡಿ ಯಾರಿಗೆ ಸಿಗಬೇಕು ಎಂಬುದು ಗ್ರಾಮಸಭೆಯಲ್ಲಿ ತೀರ್ಮಾನವಾಗಲಿ, ಗುತ್ತಿಗೆದಾರನ ಕೋಣೆಯಲ್ಲಿ ಅಲ್ಲ.

ಇನ್ನು ಸೈಕಲ್ಲಿನ ಮಾತು. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆ 2006–07ರಲ್ಲಿ ರಾಜ್ಯದಲ್ಲಿ ಬಂದು, ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಹೈಸ್ಕೂಲಿಗೆ ಹೋಗುವ ಹಳ್ಳಿಯ ಹುಡುಗಿಗೆ ಸೈಕಲ್ಲು ಇರಲೇಬೇಕು; ಇಂಥ ಯೋಜನೆ ಒಂದು ವರ್ಷವೂ ತಪ್ಪಬಾರದು. 2017ರಿಂದ 2025ರ ಸೆಪ್ಟೆಂಬರಿನವರೆಗೆ ಸೈಕಲ್ಲಿನ ಮೇಲೆ ಶೇಕಡಾ 12ರ ಜಿ.ಎಸ್.ಟಿ. ಇತ್ತು, ಆಮೇಲೆ 5ಕ್ಕೆ ಇಳಿಯಿತು. ಹಾಲಿನವನ ಸೈಕಲ್ಲಿಗೂ ಲಕ್ಷದ ಸೈಕಲ್ಲಿಗೂ ಒಂದೇ ದರ! ದುಡಿಯುವವನ ಸೈಕಲ್ಲಿನ ಮೇಲೆ ಸುಂಕವೇ ಬೇಡವೆನ್ನುತ್ತೇವೆ.

ಹಾಲಿನವನು ಮಳೆಗಾಲದಲ್ಲಿ ದಾಟಬಲ್ಲ ಹಾದಿಯಲ್ಲಿ ಪ್ರವಾಸಿಯೂ ದಾಟುತ್ತಾನೆ. ಪ್ರವಾಸಿಗೆಂದು ಚಳಿಗಾಲದ ಎರಡು ತಿಂಗಳಿಗೆ ಸಿಂಗರಿಸಿದ ಹಾದಿ ಹಾಲಿನವನಿಗೆ ಆಗಿಬರುವುದಿಲ್ಲ. ಮೊದಲನೆಯದನ್ನು ಕೇಳೋಣ. ಮುಂದಿನ ಗ್ರಾಮಸಭೆಗೆ ಹೋಗುವಾಗ, ಓದುಗ ಬಂಧುಗಳೇ, ಸೈಕಲ್ಲಿನ ಮೇಲೆಯೇ ಹೋಗಿರಿ.