ಗಣಿತದ ಪರೀಕ್ಷೆಯೋ, ಮೌಸಿನ ಪರೀಕ್ಷೆಯೋ?



ಸುರತ್ಕಲ್‌ನ ಎನ್‌ಐಟಿಯಂತಹ ಕಾಲೇಜುಗಳ ಇಂಜಿನಿಯರಿಂಗ್ ಪ್ರವೇಶಕ್ಕಾಗಿ ನಡೆಯುವ ಜೆಇಇ ಮೇನ್ ಪರೀಕ್ಷೆಯನ್ನು 2019ರಿಂದ ಕಂಪ್ಯೂಟರ್ ಮುಂದೆ ಕುಳಿತೇ ಬರೆಯಬೇಕು. 2021ರಿಂದ ಅದರ ಪ್ರಶ್ನೆಗಳು ಕನ್ನಡದಲ್ಲೂ ಉರ್ದುವಿನಲ್ಲೂ ಸಿಗುತ್ತಿವೆ. ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿ ಶಾಲೆಯಲ್ಲಿ ಓದುವ ನಿಮ್ಮ ಮಗಳಿಗೆ ಭಾಷೆಯ ಅಡ್ಡಿ ಸ್ವಲ್ಪ ಸರಿದಿದೆ. ಆದರೆ ಮೌಸ್ ಹಿಡಿಯದ ಕೈಯ ಅಡ್ಡಿ ಹಾಗೆಯೇ ಇದೆ. ಆದ್ದರಿಂದ ಶಿಕ್ಷಕರು ತರಗತಿಯಲ್ಲೇ ಕಂಪ್ಯೂಟರಿನಲ್ಲಿ ಗಣಿತ ಪರೀಕ್ಷೆ ಮಾಡುತ್ತೇವೆಂದರೆ ಸಂತೋಷಪಡಿ. ಜೊತೆಗೆ, ಹೇಗೆ ಮಾಡುತ್ತೀರಿ ಎಂದೂ ಕೇಳಿ.

ಒಂದು ಸಣ್ಣ ಲೆಕ್ಕ ನೋಡಿ. ಕೋಣೆಯಲ್ಲಿ 5 ಕಂಪ್ಯೂಟರ್, ತರಗತಿಯಲ್ಲಿ 35 ಮಕ್ಕಳು, ತಲಾ 20 ನಿಮಿಷ. 7 ಸರದಿ, 140 ನಿಮಿಷ. 40 ನಿಮಿಷದ ಮೂರು ಪೀರಿಯಡ್ ಕೊಟ್ಟರೂ ಸಾಲದು. ಎರಡು ದಿನ ಮಾಡಿದರೆ ಮೊದಲ ದಿನದ ಪ್ರಶ್ನೆಗಳು ಸಂಜೆಯೊಳಗೆ ಓಣಿಗೆಲ್ಲಾ ತಿಳಿದಿರುತ್ತವೆ! ಹಾಗಾಗಿ ಪ್ರತಿ ಸರದಿಗೂ ಅದೇ ಬಗೆಯ ಲೆಕ್ಕ, ಬೇರೆ ಅಂಕಿಗಳು ಬೇಕು. ಇದನ್ನು ಶಿಕ್ಷಕರು ಮೊದಲೇ ಸಿದ್ಧಪಡಿಸಿಟ್ಟಿರಬೇಕು. ಕರೆಂಟಿನ ಮಾತೂ ಇದೆ. ಗೋಕಾಕ ಫಾಲ್ಸ್‌ನಲ್ಲಿ ಬಹಳ ಹಿಂದೆಯೇ ವಿದ್ಯುತ್ ತಯಾರಾಯಿತೆಂದು ನಾವು ಹೆಮ್ಮೆ ಪಡುತ್ತೇವೆ. ಆದರೂ ಪರೀಕ್ಷೆಯ ನಡುವೆ ಕರೆಂಟ್ ಹೋದರೆ ಮಗು ಅಲ್ಲಿಯವರೆಗೆ ಮಾಡಿದ್ದು ಉಳಿಯುತ್ತದೆಯೇ ಎಂದು ಮುಂಚೆಯೇ ಪರೀಕ್ಷಿಸಿ ನೋಡಬೇಕು.

ಇನ್ನು ಮಗುವಿನ ಕಷ್ಟ. 45ಕ್ಕೆ 38 ಕೂಡಿಸುವಾಗ ಅವಳು ಬಿಡಿಯಿಂದ ಆರಂಭಿಸುತ್ತಾಳೆ. ಮೊದಲು 3 ಬರೆದು, ಕೈಯಲ್ಲಿ ಒಂದು ಇಟ್ಟುಕೊಂಡು, ಆಮೇಲೆ ಎಡಕ್ಕೆ 8 ಬರೆಯುತ್ತಾಳೆ. ಕೀಬೋರ್ಡಿನಲ್ಲಿ ಮೊದಲು 8 ಒತ್ತಬೇಕು. ರೂಢಿಯಿಲ್ಲದ ಮಗು ಲೆಕ್ಕ ಸರಿ ಮಾಡಿಯೂ 38 ಎಂದು ಒತ್ತಿಬಿಟ್ಟೀತು. ಕಂಪ್ಯೂಟರ್ ಅದನ್ನು ತಪ್ಪೆಂದೇ ಹೇಳುತ್ತದೆ. ಅದಕ್ಕೇ ಪ್ರತಿ ಮಗುವಿನ ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇರಬೇಕು. ಆ ಹಾಳೆಯನ್ನು ಶಿಕ್ಷಕರು ತೆಗೆದಿಟ್ಟು ನೋಡಬೇಕು. ಅಂಕ ಲೆಕ್ಕಕ್ಕೆ ಹಿಡಿಯುವ ಮುನ್ನ ಒಂದೆರಡು ಬಾರಿ ಅಂಕವಿಲ್ಲದ ಅಭ್ಯಾಸ ಪರೀಕ್ಷೆ ಆಗಲಿ. ಕನ್ನಡದ ಒತ್ತಕ್ಷರ, ಉರ್ದು ಲಿಪಿ ತೆರೆಯ ಮೇಲೆ ಸರಿಯಾಗಿ ಕಾಣುತ್ತವೆಯೇ ಎಂದೂ ನೋಡಿಕೊಳ್ಳಲಿ.

ಕಂಪ್ಯೂಟರಿನ ನಿಜವಾದ ಉಪಕಾರ ಅಂಕ ಎಣಿಸುವುದರಲ್ಲಿಲ್ಲ. 304ರಿಂದ 178 ಕಳೆಯಲು ಕೊಟ್ಟರೆ ಸರಿಯುತ್ತರ 126. ಕೆಲವು ಮಕ್ಕಳು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದು 274 ಎನ್ನುತ್ತಾರೆ. ಆಯ್ಕೆಗಳಲ್ಲಿ 274 ಅನ್ನೂ ಇಟ್ಟರೆ, ದಶಕ ಎರವಲು ತರುವುದು ಯಾರಿಗೆ ತಿಳಿದಿಲ್ಲವೆಂದು ಶಿಕ್ಷಕರಿಗೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಅನೇಕ ಸರಕಾರಿ ಶಾಲೆಗಳಿಗೆ ಗಣಿತ ಕಲಿಕಾ ಆಂದೋಲನದ ಕಿಟ್ ಕೊಡಲಾಗಿತ್ತು. ಮರುದಿನ ಅದನ್ನು ತೆಗೆದು ಆ ಮಕ್ಕಳಿಗೆ ಮತ್ತೆ ಕಲಿಸಬಹುದು. ಹಾಗೆ ಕಲಿಸುವ ಉದ್ದೇಶವಿಲ್ಲದಿದ್ದರೆ ಸ್ಲೇಟು ಬಳಪವೇ ಸಾಕು, ಕಂಪ್ಯೂಟರೇಕೆ?

ಬೀಜಗಣಿತಕ್ಕೆ 'ಆಲ್‌ಜೀಬ್ರಾ' ಎಂಬ ಹೆಸರು ಬಂದದ್ದು ಒಂಬತ್ತನೇ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಗ್ರಂಥದಿಂದ. ಕಂಪ್ಯೂಟರಿನವರು ಹೇಳುವ 'ಅಲ್ಗಾರಿದಂ' ಅವರದೇ ಹೆಸರಿನ ರೂಪಾಂತರ. ಭಾಷಣಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಪಡೆಯುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ನಮ್ಮ ಹೆಣ್ಣುಮಕ್ಕಳೋ, ಮೂವರಿಗೊಂದು ಕಂಪ್ಯೂಟರ್ ಇರುವ ಕಡೆ ಹಿಂದೆ ನಿಂತು ನೋಡುತ್ತಾರೆ. ಮೌಸ್ ಹುಡುಗರ ಕೈಯಲ್ಲಿರುತ್ತದೆ. ಮನೆಯಲ್ಲೂ ಮೊಬೈಲ್ ಮೊದಲು ಅಣ್ಣನಿಗೆ.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಎಸ್‌ಡಿಎಂಸಿ ಸಭೆಗೆ ಬರೀ ಸಹಿ ಹಾಕಲು ಹೋಗಬೇಡಿ. ಹುಡುಗಿಯರಿಗೆ ಮೌಸ್ ಹಿಡಿಯುವ ಸರದಿ ವಾರಕ್ಕೆ ಎಷ್ಟು ನಿಮಿಷ ಸಿಗುತ್ತದೆ ಎಂದು ಹೆಡ್‌ಮಾಸ್ತರರನ್ನು ವಿನಯದಿಂದ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.