ರಕ್ತಹೀನತೆಗೆಲ್ಲ ಕಬ್ಬಿಣದ ಟಾನಿಕ್ ಮದ್ದಲ್ಲ

ಮುಖ ಬಿಳಿಚಿಕೊಂಡಿದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ‘ರಕ್ತ ಕಡಿಮೆಯಾಗಿದೆ’ ಎಂದು ಮನೆಯವರೇ ತೀರ್ಮಾನಿಸಿ ಔಷಧಿ ಅಂಗಡಿಯಿಂದ ಕಬ್ಬಿಣದ ಟಾನಿಕ್ ತರುತ್ತಾರೆ. ನಮ್ಮಲ್ಲಿ ಕಬ್ಬಿಣದ ಕೊರತೆ ಸಾಮಾನ್ಯವಾದ್ದರಿಂದ ಈ ಊಹೆ ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದರೆ ರೋಗಿಗೆ ಪಿತ್ತಜನಕಾಂಗದ, ಅಂದರೆ ಲಿವರ್‌ನ ಕಾಯಿಲೆ ಇದ್ದರೆ ಈ ಆತುರ ಸಲ್ಲದು.

ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದಾಗ ರಕ್ತ ಕುಗ್ಗಲು ಹಲವು ಕಾರಣಗಳಿವೆ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳು ಒಡೆದು ರಕ್ತ ಸೋರಬಹುದು. ಕುಡಿತದಿಂದ ಫೋಲಿಕ್ ಆಮ್ಲದ ಕೊರತೆಯಾಗಬಹುದು. ಊದಿಕೊಂಡ ಗುಲ್ಮ ರಕ್ತಕಣಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳಬಹುದು. ಇವುಗಳ ಜೊತೆಗೆ, ಕಾಯಿಲೆ ಬಹಳ ಮುಂದುವರಿದ ಕೆಲವರಲ್ಲಿ ಕೆಂಪು ರಕ್ತಕಣದ ಆಕಾರವೇ ಕೆಡುತ್ತದೆ.

ಆರೋಗ್ಯವಂತ ಕೆಂಪುಕಣ, ತೂತು ಮಾಡದೆ ನಡುವೆ ಬೆರಳಿನಿಂದ ಒತ್ತಿದ ವಡೆಯ ಆಕಾರದ್ದು. ಬಾಗಿ ಬಳುಕಿ ಸಣ್ಣ ಸಂದಿಯಲ್ಲೂ ನುಸುಳುತ್ತ ಸುಮಾರು 120 ದಿನ ಬದುಕುತ್ತದೆ. ಲಿವರ್ ಸೋತಾಗ ಕಣದ ಹೊರಪೊರೆಯಲ್ಲಿ ಕೊಲೆಸ್ಟರಾಲ್ ಅತಿಯಾಗಿ ಸೇರಿಕೊಳ್ಳುತ್ತದೆ. ಪೊರೆ ಬಿರುಸಾಗಿ, ಗುಲ್ಮದ ಮೂಲಕ ಹಾಯುವಾಗ ಪೆಟ್ಟು ತಿಂದು, ಕಣದ ಮೈಮೇಲೆ ಮುಳ್ಳುಗಳೇಳುತ್ತವೆ. ಇಂಥ ಮುಳ್ಳುಕಣಗಳು ಬೇಗ ನಾಶವಾಗುತ್ತವೆ. ರಕ್ತಹೀನತೆಯ ಜೊತೆಗೆ ಕಾಮಾಲೆಯೂ ಏರುತ್ತದೆ.

‘ಬಾಟಲಿಗಟ್ಟಲೆ ರಕ್ತ ಕೊಟ್ಟರೂ ನಿಲ್ಲುತ್ತಿಲ್ಲವಲ್ಲ ಡಾಕ್ಟರೇ, ಕೆಟ್ಟ ರಕ್ತ ಕೊಟ್ಟರೇನೋ?’ ಎಂದು ಮನೆಯವರು ಕೇಳುವುದುಂಟು. ತಪ್ಪು ದಾನಿಯ ರಕ್ತದ್ದಲ್ಲ. ದೋಷವಿರುವುದು ರೋಗಿಯ ಪ್ಲಾಸ್ಮಾದಲ್ಲಿ. ಅದರಲ್ಲಿ ಈಜುವ ಹೊಸ ಕಣಗಳೂ ಕೆಲವೇ ದಿನಗಳಲ್ಲಿ ಅದೇ ಮುಳ್ಳಿನ ರೂಪ ತಾಳುತ್ತವೆ.

ಹಾಗಾಗಿ ನನ್ನ ಖಚಿತ ಅಭಿಪ್ರಾಯ ಇದು: ಲಿವರ್ ರೋಗಿಯ ಹಿಮೋಗ್ಲೋಬಿನ್ ಅಂಕಿಯೊಂದನ್ನೇ ನೋಡಿ ಔಷಧಿ ಬರೆಯಬಾರದು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸಲೇಬೇಕು. ಇದು ದುಬಾರಿ ಪರೀಕ್ಷೆಯಲ್ಲ. ಆದರೂ ಯಂತ್ರದ ವರದಿ ಕೈಗೆ ಬಂದೊಡನೆ ನಾವು ವೈದ್ಯರೂ ಇದನ್ನು ಮರೆಯುತ್ತೇವೆ. ನೀವು ಕೇಳಿ, ಕೇಳುವುದು ಅವಿಧೇಯತೆಯಲ್ಲ.

ಕಬ್ಬಿಣದ ಕೊರತೆ ಪರೀಕ್ಷೆಯಲ್ಲಿ ಸಾಬೀತಾಗದೆ ಟಾನಿಕ್ ಬೇಡ. ಬೇಡದ ಕಬ್ಬಿಣ ಲಿವರ್‌ನಲ್ಲೇ ಶೇಖರವಾಗಿ ಅದಕ್ಕೆ ಇನ್ನಷ್ಟು ಹಾನಿ ಮಾಡಬಲ್ಲದು. ಇನ್ನೊಂದು ಅಪಾಯವೂ ಇದೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿದಾಗಲೂ ಮಲ ಕಪ್ಪಾಗುತ್ತದೆ. ‘ಮಾತ್ರೆಯಿಂದ ಇರಬೇಕು’ ಎಂದು ಸುಮ್ಮನಿದ್ದರೆ ಪ್ರಾಣಕ್ಕೇ ಸಂಚಕಾರ. ಡಾಂಬರಿನಂಥ ಕಪ್ಪು ಮಲ ಅಥವಾ ರಕ್ತವಾಂತಿ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಳ್ಳುಕಣಗಳು ಹೆಚ್ಚಾಗಿ ಕಾಣಿಸಿಕೊಂಡವೆಂದರೆ ಲಿವರ್ ಕೊನೆಯ ಹಂತಕ್ಕೆ ಬಂದಿದೆ ಎಂದೇ ಅರ್ಥ. ಆಗ ನಿಜವಾದ ಪರಿಹಾರ ಲಿವರ್ ಕಸಿ. ಹೊಸ ಲಿವರ್ ಕೆಲಸ ಶುರುಮಾಡಿದರೆ ರಕ್ತಕಣಗಳೂ ಸರಿಹೋಗುತ್ತವೆ. ಆದ್ದರಿಂದ ಕಸಿಯ ವಿಚಾರವನ್ನು ತಜ್ಞರೊಡನೆ ಬೇಗ ಮಾತಾಡಿ. ಮಿದುಳು ನಿಷ್ಕ್ರಿಯರಾದವರ ಅಂಗದಾನಕ್ಕೆ 1994ರ ಕಾಯ್ದೆಯೇ ದಾರಿ ಮಾಡಿಕೊಟ್ಟಿದೆ. ಹತ್ತಿರದ ಬಂಧುಗಳೂ ತಮ್ಮ ಲಿವರ್‌ನ ಒಂದು ಭಾಗ ಕೊಡಬಹುದು.

ಆದರೆ ಕಸಿ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಕುಡಿತ ಬಿಡುವುದು, ಮಗು ಹುಟ್ಟಿದ ಕೂಡಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು ಮಾತ್ರ ಎಲ್ಲರಿಗೂ ಸಾಧ್ಯ. ನಿಮ್ಮ ಮನೆಯಲ್ಲಿ ಲಿವರ್ ರೋಗಿಯಿದ್ದರೆ ಇವತ್ತೇ ಔಷಧಿ ಡಬ್ಬಿ ತೆರೆದು ನೋಡಿ. ಯಾರೂ ಬರೆದುಕೊಡದ ಟಾನಿಕ್ ಬಾಟಲಿಯಿದ್ದರೆ, ಅದನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ.